ಬೈಕಿನ ಸದ್ದು ಕೇಳಿದರೆ ಮನೆ ಏಕೆ ಮೌನವಾಗಬೇಕು?

ಕೆಲವು ತಿಂಗಳ ಹಿಂದೆ ನಮ್ಮ ಮಾರೇನಹಳ್ಳಿಯ ಮದ್ರಸದ ಸಂಜೆ ತರಗತಿಯಲ್ಲಿ ಸಲಾಂ ಹೇಳುವ ಪಾಠ ನಡೆಯುತ್ತಿತ್ತು. ಮನೆಯೊಳಗೆ ಕಾಲಿಡುವಾಗ ಮನೆಯವರಿಗೆ ಸಲಾಂ ಹೇಳಬೇಕು ಎಂದು ಖುರ್‌ಆನ್‌ನ ಸೂರಃ ಅನ್ನೂರ್‌ನಲ್ಲಿ ಬಂದಿದೆಯಲ್ಲ, ಅದನ್ನೇ ವಿವರಿಸುತ್ತಿದ್ದೆ. ಮೂರನೇ, ನಾಲ್ಕನೇ ತರಗತಿಯ ಮಕ್ಕಳು. ಪಾಠ ತಲೆಗೆ ಹೋಗಲಿ ಎಂದು, "ನಿಮ್ಮ ಉಪ್ಪ ಕೆಲಸ ಮುಗಿಸಿ ಮನೆಗೆ ಬಂದಾಗ ಮೊದಲು ಏನಾಗ್ತದೆ?" ಎಂದು ಕೇಳಿದೆ. ಸಲಾಂ ಹೇಳ್ತಾರೆ ಎಂಬ ಉತ್ತರ ಬರಬೇಕಿತ್ತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಉಸ್ತಾದ್, ಬೈಕಿನ ಸದ್ದು ಕೇಳಿದ ಕೂಡಲೇ ಟಿ.ವಿ. ಆಫ್ ಆಗ್ತದೆ. ಉಮ್ಮ ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಡ್ತಾರೆ. ನಾವು ಪುಸ್ತಕ ತೆಗೀತೇವೆ" ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. "ಬೇರೆ ಯಾರ ಮನೆಯಲ್ಲಿ ಹೀಗೆ?" ಎಂದು ತಮಾಷೆಗೆ ಕೇಳಿದರೆ ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. (ಯಾವ ಮನೆಯ ಹುಡುಗ ಎಂದು ಯಾರೂ ಹುಡುಕಲು ಹೋಗಬೇಡಿ. ಅಷ್ಟು ಕೈ ಎದ್ದ ಮೇಲೆ ಅದು ಒಂದು ಮನೆಯ ಸುದ್ದಿಯಾಗಿ ಉಳಿಯಲಿಲ್ಲ.) ನನ್ನ ನಗು ಅಲ್ಲಿಗೆ ನಿಂತಿತು. ಯಾಕೆಂದರೆ ನನ್ನ ಹತ್ತಿರವೂ ಒಂದು ಹಳೇ ಸ್ಕೂಟರ್ ಉಂಟು, ಅದರ ಸದ್ದೂ ದೂರದಿಂದಲೇ ಕೇಳ್ತದೆ.

ನಾನು ಇಲ್ಲಿ ಬರೆಯುತ್ತಿರುವುದು ಕುಡಿದು ಬಂದು ಹೊಡೆಯುವವರ ವಿಷಯವಲ್ಲ. ಐದು ಹೊತ್ತು ನಮಾಝ್ ಮಾಡುವ, ಹಲಾಲ್ ದುಡಿಯುವ, ಮಕ್ಕಳ ಫೀಸನ್ನು ಸಮಯಕ್ಕೆ ಕಟ್ಟುವ, ಊರಿನ ಉಮ್ಮನಿಗೆ ತಿಂಗಳು ತಿಂಗಳು ದುಡ್ಡು ಕಳಿಸುವ ಒಳ್ಳೆಯ ಜನರ ವಿಷಯ. ಅಂದರೆ ನಮ್ಮದೇ ವಿಷಯ. ನಾವು ಕೆಟ್ಟವರಲ್ಲ. ಆದರೆ ನಮ್ಮ ಮನೆಯಲ್ಲಿ ನಮ್ಮನ್ನು ಕೇಳದೆ ಒಂದು ಲೋಟವೂ ಜಾಗ ಬದಲಿಸಬಾರದು. ಇದನ್ನು ನಾವು ಜವಾಬ್ದಾರಿ ಎಂದು ಕರೆದುಕೊಂಡಿದ್ದೇವೆ.

ಬೆಂಗಳೂರಿಗೆ ಬಂದ ಮೇಲೆ ಈ ಅಭ್ಯಾಸ ಇನ್ನೂ ಗಟ್ಟಿಯಾಗಿದೆ ಎಂದು ನನಗೆ ಅನಿಸುತ್ತದೆ. ಊರಿನಲ್ಲಿ ದೊಡ್ಡ ಮನೆ ಇತ್ತು, ಅಜ್ಜಿ ಇದ್ದರು, ಮಾವ ಇದ್ದರು. ಒಬ್ಬರು ಗದರಿದರೆ ಇನ್ನೊಬ್ಬರು "ಹೋಗ್ಲಿ ಬಿಡು" ಎನ್ನುತ್ತಿದ್ದರು. ಇಲ್ಲಿ ಬಾಡಿಗೆಯ ಎರಡು ಕೋಣೆ, ಮೇಲೆ ಕೆಳಗೆ ಪರಿಚಯವಿಲ್ಲದ ಜನ. ಹೋಟೆಲು, ಬೇಕರಿ, ಜ್ಯೂಸ್ ಅಂಗಡಿ ಎಂದು ಬೆಳಿಗ್ಗೆ ಹೊರಟ ಗಂಡಸು ಮನೆ ಸೇರುವುದು ರಾತ್ರಿ ಹನ್ನೊಂದಕ್ಕೆ. ದಿನವಿಡೀ ಮನೆಯಲ್ಲಿ ಏನು ನಡೀತಾ ಉಂಟು ಎಂಬ ಹೆದರಿಕೆ. ಆ ಹೆದರಿಕೆ ಸುಳ್ಳಲ್ಲ, ನಗರ ದೊಡ್ಡದು. ಆದರೆ ಹೆದರಿಕೆಗೆ ಔಷಧ ಎಂದು ನಾವು ಹಿಡಿದದ್ದು ಫೋನನ್ನು.

ಗಲ್ಲಾದಲ್ಲಿ ಕುಳಿತು ಮನೆಯ ಹಾಲ್‌ನಲ್ಲಿರುವ ಸಿ.ಸಿ. ಕ್ಯಾಮೆರಾವನ್ನು ಮೊಬೈಲಿನಲ್ಲಿ ನೋಡುವವರು ಇದ್ದಾರೆ. ಕ್ಯಾಮೆರಾ ಹಾಕಿಸಿದ್ದು ಕಳ್ಳರಿಗಾಗಿ, ನೋಡುವುದು ಹೆಂಡತಿಯನ್ನು. ಗಲ್ಫ್‌ನಿಂದ ವಿಡಿಯೋ ಕಾಲ್ ಮಾಡಿ "ಅಡುಗೆ ಕೋಣೆ ತೋರಿಸು, ಬಾಗಿಲ ಹತ್ತಿರ ಯಾರ ಚಪ್ಪಲಿ ಅದು?" ಎಂದು ಕೇಳುವ ಪುದಿಯಾಪ್ಲರೂ ಇದ್ದಾರೆ. ಹೆಂಡತಿಯ ವಾಟ್ಸ್ಆ್ಯಪ್‌ನ 'ಆನ್‌ಲೈನ್' ಗುರುತು ನೋಡಿ "ರಾತ್ರಿ 12 ಗಂಟೆಗೆ ಯಾರ ಜೊತೆ ಇದ್ದೆ?" ಎಂದು ಕೇಳುವವರಿಗೆ, ಆ ಹೊತ್ತಿಗೆ ತಾವೂ ಆನ್‌ಲೈನ್ ಇದ್ದದ್ದರಿಂದಲೇ ಅದು ಕಂಡಿತು ಎಂಬುದು ಹೊಳೆಯುವುದಿಲ್ಲ!

ದುಡ್ಡಿನ ವಿಷಯ ಇನ್ನೊಂದು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಯಿತು, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಖಾತೆ ಅವಳದ್ದೇ, ಆದರೆ ಎ.ಟಿ.ಎಂ. ಕಾರ್ಡ್ ಯಾರ ಕಿಸೆಯಲ್ಲಿ ಉಂಟು ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಪರ್ಸ್ ತೆಗೆದು ನೋಡಿಕೊಳ್ಳಲಿ. ಅದೇ ವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರಕಾರಿ ಬಸ್ಸು ಉಚಿತವಾಯಿತು. ಆಗ ನಮ್ಮಲ್ಲೊಬ್ಬರು, "ಉಸ್ತಾದ್, ಟಿಕೆಟ್ ಫ್ರೀ ಆಯ್ತು, ಇನ್ನು ಇವರನ್ನು ಹಿಡಿಯುವವರು ಯಾರು?" ಎಂದರು. ಆ ಮನೆಯ ಹೆಂಗಸು ಅಷ್ಟರವರೆಗೆ ಹೋಗಲು ಬಯಸಿದ್ದು ತನ್ನ ಉಮ್ಮನ ಮನೆಗೆ, ಎರಡು ಬಡಾವಣೆ ಆಚೆ.

ಗಂಡಸರನ್ನು ಮಾತ್ರ ಹೇಳಿದರೆ ಅನ್ಯಾಯವಾದೀತು. ಸೊಸೆ ಎಷ್ಟು ಲೋಟ ಅಕ್ಕಿ ಹಾಕಬೇಕು ಎಂಬುದನ್ನೂ ತಾನೇ ಹೇಳುವ ಅತ್ತೆಯಂದಿರು ಇದ್ದಾರೆ. ಮದುವೆಯಾಗಿ ಹತ್ತು ವರ್ಷವಾದ ಮಗ ಯಾವಾಗ ಊರಿಗೆ ಬರಬೇಕು, ಬಂದರೆ ಮಾವನ ಮನೆಯಲ್ಲಿ ಎಷ್ಟು ರಾತ್ರಿ ಉಳಿಯಬೇಕು ಎಂದು ಲೆಕ್ಕ ಹಾಕುವ ಉಮ್ಮಂದಿರು ಇದ್ದಾರೆ. ನಾವು ಉಸ್ತಾದರೂ ಏನು ಕಡಿಮೆಯಲ್ಲ. ಮಗು ಪ್ರಶ್ನೆ ಕೇಳಿದರೆ ಅದಬ್ ಇಲ್ಲ ಎಂದು ಕೂರಿಸುವುದನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ.

ನನ್ನ ಮನೆಯ ಕತೆಯನ್ನೇ ಹೇಳುತ್ತೇನೆ. ಮದ್ರಸದಿಂದ ದಿನಕ್ಕೆ ಐದಾರು ಸಲ ಮನೆಗೆ ಫೋನ್ ಮಾಡುವುದು ನನ್ನ ಅಭ್ಯಾಸವಾಗಿತ್ತು. ಏನು ಅಡುಗೆ, ಯಾರು ಬಂದಿದ್ದರು, ಗ್ಯಾಸ್‌ನವ ಬಂದಾಗ ಬಾಗಿಲು ಯಾರು ತೆಗೆದರು, ಮಗಳು ಬಂದಳಾ, ಬಂದವಳು ಏನು ಮಾಡ್ತಿದ್ದಾಳೆ. ಇದನ್ನು ನಾನು ಪ್ರೀತಿ ಎಂದೇ ತಿಳಿದಿದ್ದೆ. ಒಂದು ಮಳೆಗಾಲ ಫೋನ್ ನೀರಿಗೆ ಬಿದ್ದು ರಿಪೇರಿಗೆ ಕೊಟ್ಟೆ. ಎರಡು ದಿನ ಕರೆ ಇಲ್ಲ. ಮೂರನೇ ದಿನ ರಾತ್ರಿ ಊಟ ಬಡಿಸುವಾಗ ಹೆಂಡತಿ ನಗುತ್ತಾ, "ಈ ಎರಡು ದಿನ ತವರಿಗೆ ಹೋಗಿ ಬಂದ ಹಾಗಿತ್ತು ನೋಡಿ" ಎಂದಳು. ಅವಳು ದೂರು ಹೇಳಿದ್ದಲ್ಲ, ಬಾಯಿ ತಪ್ಪಿ ಬಂದ ಮಾತು. ನನಗೆ ಸಿಟ್ಟು ಬಂತು. ಮಾತಾಡದೆ ಎದ್ದು ಕೈ ತೊಳೆದೆ. ಆ ಸಿಟ್ಟು ಇಳಿಯಲು ಒಂದು ವಾರ ಬೇಕಾಯಿತು. ಇಳಿದ ಮೇಲೆ ಉಳಿದದ್ದು ನಾಚಿಕೆ.

ಆಮೇಲೆ ಗಮನಿಸತೊಡಗಿದೆ. ಮೊದಲು ಕಂಡದ್ದು, ನಾನು ಕೇಳುವ ಮೊದಲೇ ನನ್ನ ಮನೆಯವರು ಕಾರಣ ಹೇಳುತ್ತಾರೆ. "ತರಕಾರಿ ಅಂಗಡಿಗೆ ಹೋಗಿದ್ದೆ, ಅಲ್ಲಿ ಜನ ಇದ್ರು, ಅದಕ್ಕೆ ಸ್ವಲ್ಪ ತಡ ಆಯ್ತು." ನಾನು ತಡ ಏಕೆ ಎಂದು ಕೇಳಿರಲೇ ಇಲ್ಲ. ನಾನು ಕೇಳಬಹುದು ಎಂದು ಅವಳು ದಾರಿಯಲ್ಲೇ ಉತ್ತರ ಕಟ್ಟಿಕೊಂಡು ಬಂದಿದ್ದಾಳೆ. ಇಪ್ಪತ್ತು ವರ್ಷ ಜೊತೆಗಿರುವ ಹೆಂಗಸು ಟೊಮೆಟೊ ತಂದದ್ದಕ್ಕೆ ಸಾಕ್ಷಿ ಹೇಳುವ ಹಾಗೆ ಯಾರು ಮಾಡಿದರು? ಮತ್ತೆ, ನಾನಿಲ್ಲದಾಗ ಮನೆಯಲ್ಲಿ ಏನೂ ತೀರ್ಮಾನವಾಗುವುದಿಲ್ಲ, ಎಲ್ಲದಕ್ಕೂ "ಉಪ್ಪ ಬರಲಿ." ಇದನ್ನು ನಾನು ಗೌರವ ಎಂದು ಹೆಮ್ಮೆಪಡುತ್ತಿದ್ದೆ. ತಪ್ಪಾದರೆ ಬೈಗುಳ ತಿನ್ನಲು ಯಾರಿಗೂ ಇಷ್ಟವಿಲ್ಲ, ಅಷ್ಟೇ. ಇನ್ನು ಸಣ್ಣ ಸಣ್ಣ ಸುಳ್ಳುಗಳು. ಹತ್ತು ರೂಪಾಯಿಯ ಐಸ್‌ಕ್ರೀಮಿಗೂ ಸುಳ್ಳು ಹೇಳುವ ಮಗುವನ್ನು ಕಂಡರೆ ನಾನು ಈಗ ಮಗುವನ್ನು ಗದರುವುದಿಲ್ಲ. ಆ ಮನೆಯಲ್ಲಿ ನಿಜ ಹೇಳಿದರೆ ಏನಾಗ್ತದೆ ಎಂದು ಯೋಚಿಸುತ್ತೇನೆ.

ಮಗಳ ವಿಷಯ ಇನ್ನೂ ಕಷ್ಟದ್ದು. ಎಸ್ಸೆಸ್ಸೆಲ್ಸಿ ಮುಗಿದಾಗ ಅವಳನ್ನು ಊರ ಕಡೆಯ ಒಂದು ಶರೀಅತ್ ಕಾಲೇಜಿಗೆ ಸೇರಿಸುವುದೆಂದು ನಾನು ನಿರ್ಧರಿಸಿಬಿಟ್ಟಿದ್ದೆ. ಹಾಸ್ಟೆಲ್ಲೂ ನೋಡಿ ಬಂದಿದ್ದೆ. ಕೇಳಿದರೆ "ಉಪ್ಪ ಹೇಳಿದ ಹಾಗೆ" ಎಂದಳು. ಇಂಥ ಮಕ್ಕಳು ಈಗಿನ ಕಾಲದಲ್ಲಿ ಎಲ್ಲಿ ಸಿಗ್ತಾರೆ ಎಂದು ಕಮಿಟಿಯವರ ಮುಂದೆ ಹೇಳಿಕೊಂಡೆ ಕೂಡ. ಆಮೇಲೆ ಹೆಂಡತಿ ಮೆಲ್ಲಗೆ ಹೇಳಿದಳು: ಅವಳು ವಿಜಯನಗರದ ಸುತ್ತಮುತ್ತ ಇರುವ ಪಿಯು ಕಾಲೇಜುಗಳ ಪಟ್ಟಿಯನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು ಇಟ್ಟುಕೊಂಡಿದ್ದಾಳೆ, ಕಾಮರ್ಸ್ ಓದಬೇಕೆಂದು ಆಸೆ. ನಾನು ಹೋಗಿ "ನಿನಗೆ ಏನು ಓದಬೇಕು ಹೇಳು, ನಾನು ಏನೂ ಅನ್ನುವುದಿಲ್ಲ" ಎಂದೆ. ಅವಳು ಮತ್ತೆ "ನೀವೇ ಹೇಳಿ ಉಪ್ಪ" ಎಂದಳು. ಇದೂ ಒಂದು ಪರೀಕ್ಷೆ, ತಪ್ಪು ಉತ್ತರ ಕೊಟ್ಟರೆ ಕೆಟ್ಟೆ ಎಂದು ತಿಳಿದಳು ಅಂತ ಕಾಣ್ತದೆ. ನನ್ನ ಮಾತನ್ನು ಅವಳು ನಂಬಲು ಮೂರು ವಾರ ಹಿಡಿಯಿತು.

ಈಗ ಕಿತಾಬಿನ ಮಾತಿಗೆ ಬರೋಣ. ಯಾಕೆಂದರೆ ಮನೆಯಲ್ಲಿ ಗದರುವ ಹೆಚ್ಚಿನವರು ದೀನ್‌ನ ಹೆಸರು ಹೇಳಿಯೇ ಗದರುವುದು.

ಸೂರಃ ಅಲ್‌ಗಾಶಿಯಃದಲ್ಲಿ ಅಲ್ಲಾಹನು ತನ್ನ ಪ್ರವಾದಿಗೆ (ಸ.ಅ.) ಎರಡು ಪದಗಳನ್ನು ಎದುರುಬದುರಾಗಿ ಇಟ್ಟು ಹೇಳುತ್ತಾನೆ. ನೀವು ಮುದಕ್ಕಿರ್, ಅಂದರೆ ನೆನಪಿಸಿಕೊಡುವವರು. ಮುಸೈತಿರ್ ಅಲ್ಲ, ಅಂದರೆ ಜನರ ಮೇಲೆ ಹಿಡಿತ ಇಟ್ಟು ಕೂರುವವರಲ್ಲ. ಸತ್ಯವನ್ನು ಒಪ್ಪದ ಜನರ ವಿಷಯದಲ್ಲಿ ಬಂದ ಮಾತು ಇದು, ಹೆಂಡತಿ ಮಕ್ಕಳ ವಿಷಯದಲ್ಲಿ ಅಲ್ಲ ಎಂಬುದು ನನಗೂ ಗೊತ್ತುಂಟು. ಆದರೆ ಇಡೀ ಮನುಕುಲಕ್ಕೆ ಕಳುಹಿಸಲ್ಪಟ್ಟವರಿಗೇ ಆ ಅಧಿಕಾರ ಕೊಟ್ಟಿಲ್ಲ. ಮಾರೇನಹಳ್ಳಿಯ ಎರಡು ಕೋಣೆಯ ಮನೆಯಲ್ಲಿ ನನಗೆ ಅದನ್ನು ಕೊಟ್ಟವರು ಯಾರು?

ಅವರ ಮನೆ ಹೇಗಿತ್ತು ಎಂದು ಹೇಳಲು ಒಳ್ಳೆಯ ಸಾಕ್ಷಿ ಅನಸ್ (ರ). ಚಿಕ್ಕ ಹುಡುಗನಾಗಿ ಪ್ರವಾದಿಯವರ (ಸ.ಅ.) ಸೇವೆಗೆ ಬಂದು ಹತ್ತು ವರ್ಷ ಜೊತೆಗಿದ್ದವರು. ಆ ಹತ್ತು ವರ್ಷಗಳಲ್ಲಿ ಒಮ್ಮೆಯೂ 'ಛೆ' ಎಂಬ ಮಾತು ಕೇಳಲಿಲ್ಲ, ಮಾಡಿದ ಕೆಲಸಕ್ಕೆ ಏಕೆ ಮಾಡಿದೆ ಎಂದಾಗಲೀ ಮಾಡದ್ದಕ್ಕೆ ಏಕೆ ಮಾಡಲಿಲ್ಲ ಎಂದಾಗಲೀ ಕೇಳಿಸಿಕೊಳ್ಳಲಿಲ್ಲ ಎಂದು ಅವರು ಹೇಳಿದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಈ ಹದೀಸನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಪಾಠ ಮುಗಿಸಿ ಮನೆಗೆ ಹೋಗಿ "ಈ ನೀರಿನ ಕ್ಯಾನ್ ಇಲ್ಲಿ ಏಕೆ ಇಟ್ಟದ್ದು?" ಎಂದು ಕೂಗಿದ್ದೂ ನಾನೇ.

ಬರೀರಃ (ರ) ಅವರ ಘಟನೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅವರು ಗುಲಾಮಗಿರಿಯಿಂದ ಬಿಡುಗಡೆಯಾದ ಹೆಣ್ಣು. ಗಂಡ ಮುಗೀಸ್ (ರ) ಇನ್ನೂ ಗುಲಾಮರಾಗಿದ್ದರು. ಬಿಡುಗಡೆಯಾದ ಮೇಲೆ ಆ ಮದುವೆಯಲ್ಲಿ ಉಳಿಯುವ ಅಥವಾ ಬಿಡುವ ಆಯ್ಕೆ ಬರೀರಃ ಅವರದ್ದಾಯಿತು, ಅವರು ಬಿಟ್ಟರು. ಮುಗೀಸ್ ಮದೀನಾದ ಬೀದಿಗಳಲ್ಲಿ ಅಳುತ್ತಾ ಅವರ ಹಿಂದೆ ಹೋಗುತ್ತಿದ್ದರು. ಅದನ್ನು ಕಂಡು ಪ್ರವಾದಿಯವರು (ಸ.ಅ.) ಬರೀರಃ ಅವರಿಗೆ ಮರಳಿ ಹೋಗಬಾರದೇ ಎಂದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಇದು ನಿಮ್ಮ ಆಜ್ಞೆಯೇ? ಅಲ್ಲ, ಶಿಫಾರಸು ಮಾತ್ರ ಎಂಬ ಉತ್ತರ ಬಂತು. ಹಾಗಾದರೆ ನನಗೆ ಅವರು ಬೇಡ ಎಂದರು ಬರೀರಃ. ಅಲ್ಲಿಗೆ ಮಾತು ಮುಗಿಯಿತು. ಯಾರೂ ಮುನಿಸಿಕೊಳ್ಳಲಿಲ್ಲ, ಊಟ ಬಿಡಲಿಲ್ಲ, ನನ್ನ ಮಾತಿಗೆ ಬೆಲೆಯೇ ಇಲ್ಲವಾ ಎಂದು ಕೇಳಲಿಲ್ಲ. ನಾವು "ನಾನು ಹೇಳುವುದು ಹೇಳಿದೆ, ಮತ್ತೆ ನಿನ್ನಿಷ್ಟ" ಎನ್ನುತ್ತೇವಲ್ಲ, ಆ 'ನಿನ್ನಿಷ್ಟ'ದೊಳಗೆ ಎಷ್ಟು ಬೆದರಿಕೆ ಇರುತ್ತದೆ ಎಂದು ಹೆಂಡತಿಯರನ್ನು ಕೇಳಿ ನೋಡಬೇಕು.

ಇಬ್ರಾಹೀಂ ನಬಿಯವರನ್ನು (ಅ.ಸ.) ಪ್ರತಿ ಬಕ್ರೀದಿಗೆ ನೆನಪಿಸುತ್ತೇವೆ. ಅಲ್ಲಾಹನ ಕಡೆಯಿಂದ ಕನಸಿನಲ್ಲಿ ಆಜ್ಞೆಯೇ ಬಂದಿದ್ದರೂ ಅವರು ಮಗನ ಬಳಿ ಹೋಗಿ, ನೋಡು, ನಿನಗೇನು ಅನಿಸುತ್ತದೆ ಎಂದು ಕೇಳಿದ್ದನ್ನು ಖುರ್‌ಆನ್ ಹೇಳಿದೆ. ನಾವು ತ್ಯಾಗವನ್ನು ಮಾತ್ರ ಹೇಳುತ್ತೇವೆ, ಆ ಪ್ರಶ್ನೆಯನ್ನು ದಾಟಿ ಹೋಗುತ್ತೇವೆ. ಮಗುವಿನ ಮೊಲೆಹಾಲು ಬಿಡಿಸುವುದಕ್ಕೂ ತಂದೆ ತಾಯಿ ಪರಸ್ಪರ ಸಮಾಲೋಚಿಸಿ ಒಪ್ಪಬೇಕೆಂದು ಸೂರಃ ಅಲ್‌ಬಖರಃದಲ್ಲಿ ಇದೆ. ಇನ್ನು ಗೂಢಚರ್ಯೆ ಬೇಡ ಎಂಬ ಸೂರಃ ಅಲ್‌ಹುಜುರಾತ್‌ನ ನಿಷೇಧ. ಅದು ಪಕ್ಕದ ಮನೆಯವರಿಗೆ ಮಾತ್ರ ಅನ್ವಯಿಸುತ್ತದೆ, ಹೆಂಡತಿಯ ಫೋನಿಗೆ ಇಲ್ಲ ಎಂದು ನಾನು ಯಾವ ತಫ್ಸೀರಿನಲ್ಲೂ ಓದಿಲ್ಲ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ನಾವು ಶಾಫಿಈಗಳು. ನಮ್ಮ ಕಿತಾಬುಗಳಲ್ಲಿ ಕನ್ಯೆಯಾದ ಮಗಳ ನಿಕಾಹ್ ವಿಷಯದಲ್ಲಿ ತಂದೆಗೆ ವಿಶೇಷ ಅಧಿಕಾರ ಹೇಳಿದೆ. ಅದನ್ನೇ ಹಿಡಿದು "ಮಗಳನ್ನು ಕೇಳುವುದೇನು?" ಎನ್ನುವವರು ಇದ್ದಾರೆ. ಆದರೆ ಅದೇ ಕಿತಾಬಿನಲ್ಲಿ ಷರತ್ತುಗಳೂ ಇವೆ. ತಂದೆಗೂ ಮಗಳಿಗೂ ನಡುವೆ ಕಾಣುವಂಥ ವೈರ ಇರಬಾರದು, ವರ ಅವಳಿಗೆ ಸರಿಸಾಟಿಯಾಗಿರಬೇಕು, ಮಹ್ರ್ ಕೊಡುವ ಶಕ್ತಿ ಅವನಿಗಿರಬೇಕು. ಪ್ರಾಯಕ್ಕೆ ಬಂದ ಮಗಳ ಸಮ್ಮತಿ ಕೇಳುವುದು ಸುನ್ನತ್ ಎಂದೂ ಅಲ್ಲೇ ಬರೆದಿದೆ. ಮೊದಲೊಮ್ಮೆ ಮದುವೆಯಾಗಿದ್ದ ಹೆಣ್ಣಾದರೆ ಅವಳ ಬಾಯಿಮಾತಿನ ಒಪ್ಪಿಗೆ ಇಲ್ಲದೆ ನಿಕಾಹ್ ಇಲ್ಲ. ಖನ್ಸಾ ಬಿಂತ್ ಖಿದಾಂ (ರ) ಅವರನ್ನು ತಂದೆ ಇಷ್ಟವಿಲ್ಲದ ಕಡೆ ಕೊಟ್ಟಾಗ ಪ್ರವಾದಿಯವರು (ಸ.ಅ.) ಆ ನಿಕಾಹನ್ನೇ ರದ್ದು ಮಾಡಿದರು. ಗಡ್ಡ, ಮಿಸ್ವಾಕ್, ಟೊಪ್ಪಿಯ ಸುನ್ನತ್‌ಗಳನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವ ನಾವು ಈ ಒಂದು ಸುನ್ನತ್ ಬಂದಾಗ ಮಾತ್ರ 'ಕಡ್ಡಾಯ ಅಲ್ಲವಲ್ಲ' ಎನ್ನುತ್ತೇವೆ.

ಕೇರಳದ ಹಾದಿಯಾ ಪ್ರಕರಣ ನೆನಪುಂಟಲ್ಲ? ವೈಕಂನ ಹೋಮಿಯೋಪತಿ ವಿದ್ಯಾರ್ಥಿನಿ, ಇಸ್ಲಾಂ ಸ್ವೀಕರಿಸಿ ಮದುವೆಯಾದವರು. 2017ರ ಮೇ ತಿಂಗಳಲ್ಲಿ ಕೇರಳ ಹೈಕೋರ್ಟ್ ಆ ಮದುವೆಯನ್ನು ರದ್ದುಗೊಳಿಸಿ ಅವರನ್ನು ತಂದೆಯ ಮನೆಗೆ ಕಳುಹಿಸಿತು. ತಿಂಗಳುಗಟ್ಟಲೆ ಆ ಮನೆಯೊಳಗೆ ಇದ್ದರು, ಹೊರಗೆ ಪೊಲೀಸ್ ಕಾವಲು. ನವೆಂಬರ್ 27ರಂದು ಸುಪ್ರೀಂ ಕೋರ್ಟಿನಲ್ಲಿ ತನಗೆ ಸ್ವಾತಂತ್ರ್ಯ ಬೇಕೆಂದು ಹೇಳಿದರು. 2018ರ ಮಾರ್ಚ್ 8ರಂದು ಕೋರ್ಟ್ ಮದುವೆಯನ್ನು ಎತ್ತಿಹಿಡಿಯಿತು. ಪ್ರಾಯಕ್ಕೆ ಬಂದ ವ್ಯಕ್ತಿಯ ಆಯ್ಕೆಯ ಹಕ್ಕನ್ನು ತಂದೆಯ ಪ್ರೀತಿಯ ಹೆಸರಿನಲ್ಲೂ ಕಿತ್ತುಕೊಳ್ಳಲಾಗದು ಎಂಬುದು ಆ ತೀರ್ಪಿನ ಸಾರ.

ಆಗ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಎಂಥ ಸಂತೋಷ! 24 ವರ್ಷ ದಾಟಿದ ಹೆಣ್ಣು, ಓದಿದವಳು, ಅವಳ ಬದುಕನ್ನು ಅವಳೇ ತೀರ್ಮಾನಿಸುವುದು ನ್ಯಾಯ ಎಂದು ನಾವೆಲ್ಲ ಬರೆದೆವು. ನಾನೂ ಫಾರ್ವರ್ಡ್ ಮಾಡಿದೆ. ಸರಿಯೇ. ಆದರೆ ಆ ತಕ್ಕಡಿಯನ್ನು ನಮ್ಮ ಮನೆಗೂ ತರಬೇಕಲ್ಲ? ಇನ್ನೊಬ್ಬರ ಮಗಳಿಗೆ ಮದುವೆಯಂಥ ದೊಡ್ಡ ವಿಷಯದಲ್ಲೂ ಆಯ್ಕೆಯ ಹಕ್ಕು ಉಂಟು, ನಮ್ಮ ಮಗಳಿಗೆ ಕಾಮರ್ಸಾ ಸೈನ್ಸಾ ಎಂದು ಹೇಳುವ ಹಕ್ಕೂ ಇಲ್ಲ ಎಂದರೆ ನಾವು ಹಾಡಿ ಹೊಗಳಿದ್ದು ನ್ಯಾಯವನ್ನೋ, ನಮ್ಮ ಕಡೆಯ ಗೆಲುವನ್ನೋ? ಈ ಪ್ರಶ್ನೆ ನನ್ನನ್ನು ತುಂಬಾ ಕಾಡಿತು. ಓದುಗರಲ್ಲಿ ಕೆಲವರಿಗೆ ಕೋಪ ಬರಬಹುದು, ಬರಲಿ.

ನಮ್ಮದೇ ಕರಾವಳಿಯ ಮಾತು ಬೇಕಿದ್ದರೆ ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿ 2023ರ ಜನವರಿಯಲ್ಲಿ ನಮ್ಮನ್ನು ಅಗಲಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಇದೆ. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ನಾನು ಅದನ್ನು ಓದುವ ಮೊದಲು ಅದರ ವಿರುದ್ಧದ ಮಾತುಗಳನ್ನು ಕೇಳಿದ್ದೆ. ಎಷ್ಟೋ ವರ್ಷ ಬಿಟ್ಟು ಓದಿದೆ. ಅದರಲ್ಲಿ ತಲಾಖ್‌ನ ಬಗ್ಗೆ ಬಂದಿರುವುದನ್ನೆಲ್ಲ ನಾನು ಒಪ್ಪುತ್ತೇನೆ ಎಂದಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಾದಿರಾಳ ತಂದೆ. ಅಳಿಯನ ಮೇಲಿನ ಕೋಪಕ್ಕೆ, ತನ್ನ ಮಾತೇ ನಡೆಯಬೇಕೆಂಬ ಹಟಕ್ಕೆ, ಗಂಡನ ಜೊತೆ ಚೆನ್ನಾಗಿಯೇ ಬಾಳುತ್ತಿದ್ದ ಮಗಳ ಸಂಸಾರವನ್ನು ಮುರಿದು ಹಾಕುವ ಮನುಷ್ಯ. ಅವನು ರಾಕ್ಷಸನಲ್ಲ. ತಾನು ಮನೆಯ ಯಜಮಾನ, ತಾನು ಮಾಡುವುದೆಲ್ಲ ಮನೆಯ ಮರ್ಯಾದೆಗಾಗಿ ಎಂದೇ ನಂಬಿದವನು. ಕೊನೆಗೆ ಪಶ್ಚಾತ್ತಾಪ ಬಂದಾಗ ಸರಿಪಡಿಸುವ ದಾರಿ ಉಳಿದಿರುವುದಿಲ್ಲ. ಅಂಥ ಮನುಷ್ಯರನ್ನು ನಾವು ಕಂಡಿಲ್ಲವಾ?

ಇಷ್ಟು ಹೇಳಿದರೆ ಬರುವ ಮೊದಲ ಮಾತು: "ಬಿಟ್ಟರೆ ಮಕ್ಕಳು ಹಾಳಾಗ್ತಾರೆ ಉಸ್ತಾದ್. ನಾಳೆ ಕಬರಿನಲ್ಲಿ ಉತ್ತರ ಹೇಳಬೇಕಾದವರು ನಾವು. ನೀವೆಲ್ಲರೂ ಕುರುಬರು ಎಂದು ಹದೀಸ್ ಇಲ್ಲವಾ?" ಇದೆ. ಪ್ರತಿಯೊಬ್ಬನೂ ತನ್ನ ಹಿಂಡಿನ ಬಗ್ಗೆ ಪ್ರಶ್ನಿಸಲ್ಪಡುತ್ತಾನೆ ಎಂದೂ ಇದೆ. ಆದರೆ ಕುರುಬ ಮಾಡುವ ಕೆಲಸವನ್ನು ನೋಡಿ. ಅವನು ಹುಲ್ಲು ಎಲ್ಲಿದೆ, ನೀರು ಎಲ್ಲಿದೆ, ತೋಳ ಯಾವ ಕಡೆಯಿಂದ ಬರುತ್ತದೆ ಎಂದು ತಿಳಿದಿರುತ್ತಾನೆ. ಆಡು ಯಾವ ಎಲೆ ಮೊದಲು ತಿನ್ನಬೇಕು ಎಂದು ಕಿವಿ ಹಿಂಡುವುದಿಲ್ಲ. ಕಟ್ಟಿಹಾಕಿದ ಆಡಿಗೆ ಕುರುಬನೇ ಬೇಡ, ಗೂಟ ಸಾಕು.

ಸಣ್ಣ ಮಕ್ಕಳಿಗೆ ನಿಯಮ ಬೇಕು, ನಾನು ಇಲ್ಲ ಎನ್ನುವುದಿಲ್ಲ. ಏಳು ವರ್ಷಕ್ಕೆ ನಮಾಝ್ ಹೇಳಿಕೊಡಬೇಕು, ಹತ್ತು ವರ್ಷದ ಹುಡುಗನ ಕೈಗೆ ರಾತ್ರಿಯಿಡೀ ಫೋನ್ ಕೊಡಬಾರದು. ಆದರೆ ನಿಯಮಕ್ಕೂ ಹಿಡಿತಕ್ಕೂ ವ್ಯತ್ಯಾಸ ಉಂಟು. ನಿಯಮ ಮೊದಲೇ ಗೊತ್ತಿರುತ್ತದೆ, ಎಲ್ಲರಿಗೂ ಒಂದೇ, ಉಪ್ಪನಿಗೂ ಅನ್ವಯಿಸುತ್ತದೆ. ಊಟದ ಹೊತ್ತಿಗೆ ಫೋನ್ ಬೇಡ ಎಂದರೆ ನನ್ನದೂ ಬೇಡ. ಹಿಡಿತ ಎಂಬುದು ನನ್ನ ಮೂಡನ್ನು ನೋಡಿ ಬದಲಾಗುತ್ತದೆ. ನಿನ್ನೆ ನಕ್ಕು ಬಿಟ್ಟ ವಿಷಯಕ್ಕೆ ಇವತ್ತು ಬೈಗುಳ. ಮಕ್ಕಳು ಪುಸ್ತಕ ಓದುವುದನ್ನು ಬಿಟ್ಟು ಉಪ್ಪನ ಮುಖ ಓದುವುದನ್ನು ಕಲಿಯುತ್ತಾರೆ. ಆ ವಿದ್ಯೆ ಅವರಿಗೆ ತುಂಬಾ ಚೆನ್ನಾಗಿ ಬರುತ್ತದೆ, ಮದ್ರಸದಲ್ಲಿ ದಿನಾ ನೋಡ್ತೇನೆ.

ಅಭ್ಯಾಸ ಬಿಡುವುದು ಹೇಗೆ ಎಂದು ಕೇಳಿದರೆ ನನ್ನ ಹತ್ತಿರ ದೊಡ್ಡ ಉಪಾಯ ಇಲ್ಲ. ನಾನು ಫೋನಿನಿಂದ ಶುರುಮಾಡಿದೆ. ದಿನಕ್ಕೆ ಒಂದು ಕರೆ, ಅದೂ ಅಗತ್ಯವಿದ್ದರೆ. ಮೊದಲ ಹತ್ತು ದಿನ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗೆ ಆಗುತ್ತಿತ್ತು. ಆಗ ನನಗೆ ಗೊತ್ತಾದದ್ದು, ನಾನು ಫೋನ್ ಮಾಡುತ್ತಿದ್ದದ್ದು ಅವರ ಕ್ಷೇಮಕ್ಕಲ್ಲ, ನನ್ನ ಹೊಟ್ಟೆಯ ಆ ತಿರುಚುವಿಕೆ ನಿಲ್ಲಲಿಕ್ಕೆ. ಹೆಂಡತಿ ಮೊದಲು ಅನುಮಾನಪಟ್ಟಳು, "ಏನು, ಯಾರಾದರೂ ಏನಾದರೂ ಹೇಳಿದರಾ?" ಎಂದು. ಮನೆಯ ಖರ್ಚಿಗೆ ದಿನ ದಿನ ಎಣಿಸಿ ಕೊಡುತ್ತಿದ್ದದ್ದನ್ನು ನಿಲ್ಲಿಸಿ ತಿಂಗಳ ಮೊದಲಲ್ಲೇ ಒಟ್ಟಿಗೆ ಕೊಟ್ಟೆ, ಲೆಕ್ಕ ಕೇಳಲಿಲ್ಲ. ಮೊದಲ ತಿಂಗಳು 24ನೇ ತಾರೀಕಿಗೇ ದುಡ್ಡು ಮುಗಿಯಿತು. ನನ್ನ ನಾಲಿಗೆ ತುದಿಯಲ್ಲಿ "ನಾನು ಆಗಲೇ ಹೇಳಿದ್ದೆ" ಇತ್ತು. ನುಂಗಿದೆ. ಎರಡನೇ ತಿಂಗಳು 200 ರೂಪಾಯಿ ಉಳಿಸಿದಳು, ಮೂರನೇ ತಿಂಗಳು ಮತ್ತೆ ಸಾಲಲಿಲ್ಲ. ನನ್ನ ಕೈಯಲ್ಲಿದ್ದಾಗ ಸಾಲುತ್ತಿತ್ತಾ? ಅದೂ ಇಲ್ಲ. ಆಗ ನಾನು ಅಂಗಡಿಯಲ್ಲಿ ಸಾಲ ಬರೆಸುತ್ತಿದ್ದೆ, ಮನೆಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಕ್ಷಮೆ ಕೇಳಿದ್ದು ಇದಕ್ಕಿಂತ ಕಷ್ಟ. ಮಗಳ ಮುಂದೆ ಕೂತು, "ನಿನ್ನನ್ನು ಕೇಳದೆ ಕಾಲೇಜು ನಿರ್ಧರಿಸಿದ್ದು ನನ್ನ ತಪ್ಪು" ಎಂದಾಗ ಅವಳು ಅಡುಗೆ ಕೋಣೆಗೆ ಓಡಿ ಹೋದಳು. ಈಗ ಕಾಮರ್ಸ್ ಓದುತ್ತಿದ್ದಾಳೆ. ನನಗೆ ಅದು ಇವತ್ತಿಗೂ ಅಷ್ಟು ಇಷ್ಟವಾಗಿಲ್ಲ. ಇಷ್ಟವಾಗದೆಯೂ ಸುಮ್ಮನಿರುವುದು ಹೇಗೆ ಎಂದು ಕಲಿಯುತ್ತಾ ಇದ್ದೇನೆ.

ಒಂದು ಎಚ್ಚರಿಕೆ. ನಾನು ಹೇಳಿದ್ದೆಲ್ಲ, ತಪ್ಪು ತನ್ನದೆಂದು ಕಂಡು ಬದಲಾಗಲು ಮನಸ್ಸಿರುವವರಿಗೆ. ಹೊಡೆತ, ಬೆದರಿಕೆ, ಬಾಗಿಲಿಗೆ ಬೀಗ, ಊಟಕ್ಕೂ ದುಡ್ಡಿಲ್ಲ ಎಂಬ ಮನೆಗಳಲ್ಲಿ ಹೆಣ್ಣಿಗೆ ಸಬ್ರ್ ಬೋಧಿಸಿ ಮರಳಿ ಕಳುಹಿಸುವುದು ಜಮಾಅತ್ ಕಮಿಟಿಗಳ ಕೆಲಸವಾಗಬಾರದು. ಕಳೆದ ವರ್ಷಗಳಲ್ಲಿ ನಾನೂ ಅಂಥ ಎರಡು ಪಂಚಾಯಿತಿಗಳಲ್ಲಿ ಕೂತವನೇ, 'ಹೊಂದಿಕೊಂಡು ಹೋಗು' ಎಂದವನೇ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಪುಸ್ತಕಕ್ಕೆ ಹೆಸರು ಕೊಟ್ಟ 'ಎದೆಯ ಹಣತೆ' ಕತೆಯಲ್ಲಿ ಇರುವುದು ಇದೇ: ಕಷ್ಟ ಹೇಳಿಕೊಂಡು ತವರಿಗೆ ಬಂದ ಹೆಣ್ಣನ್ನು ಮರ್ಯಾದೆಯ ಹೆಸರಿನಲ್ಲಿ ಗಂಡನ ಮನೆಗೇ ಬಿಟ್ಟು ಬರುವ ಅಣ್ಣಂದಿರು. ನಮ್ಮ ದೇಶದ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೊಡೆತವನ್ನು ಮಾತ್ರವಲ್ಲ, ಮಾತಿನಿಂದ, ಮಾನಸಿಕವಾಗಿ ನೋಯಿಸುವುದನ್ನು, ದುಡ್ಡು ತಡೆಹಿಡಿಯುವುದನ್ನು ಕೂಡ ಹಿಂಸೆ ಎಂದೇ ಎಣಿಸುತ್ತದೆ. ಇಂಗ್ಲೆಂಡಿನಲ್ಲಿ 2015ರ ಕಾನೂನಿನ ಪ್ರಕಾರ ಮನೆಯವರನ್ನು ಪದೇ ಪದೇ ಹೀಗೆ ಹಿಡಿತದಲ್ಲಿಟ್ಟು ಬೆದರಿಸುವುದೇ ಒಂದು ಅಪರಾಧ. ಸಹಾಯ ಬೇಕಾದ ಹೆಂಗಸರಿಗೆ 181, ಮಕ್ಕಳಿಗೆ 1098, ಎರಡೂ ಉಚಿತ ಕರೆ. ಈ ಸಂಖ್ಯೆಗಳನ್ನು ಮದ್ರಸದ ನೋಟಿಸ್ ಬೋರ್ಡಿನಲ್ಲಿ ಹಾಕಬೇಕೆಂದು ಕಮಿಟಿಯಲ್ಲಿ ಕೇಳಿದ್ದೇನೆ. ಇನ್ನೂ ತೀರ್ಮಾನವಾಗಿಲ್ಲ.

ಮಗಳು ಮೆಟ್ರೋದಲ್ಲಿ ಕಾಲೇಜಿಗೆ ಹೋಗಲು ಶುರುಮಾಡಿದಾಗ ವಾಟ್ಸ್ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಕಳುಹಿಸಬೇಕೆಂದು ಹೇಳಿದ್ದೆ. ಅದು ಎಂಟು ಗಂಟೆಗೆ ಮುಗಿಯುತ್ತದೆ, ಆದ್ದರಿಂದ ಪ್ರತಿದಿನ ಬೆಳಿಗ್ಗೆ ಹೊಸದಾಗಿ ಕಳುಹಿಸುತ್ತಿದ್ದಳು, ಒಂದು ದಿನವೂ ತಪ್ಪಲಿಲ್ಲ. ಹೋದ ತಿಂಗಳು ನಾನೇ "ಇನ್ನು ಬೇಡ" ಎಂದೆ. ಆ ದಿನ ಸಂಜೆ ತರಗತಿಯಲ್ಲಿ ಫೋನನ್ನು ನಾಲ್ಕು ಸಲ ತೆಗೆದು ನೋಡಿದೆ. ಅಕ್ಕಿ ಡಬ್ಬದ ಹುಡುಗ, "ಉಸ್ತಾದ್, ಯಾರ ಫೋನಿಗೆ ಕಾಯ್ತಾ ಇದ್ದೀರಿ?" ಎಂದು ಕೇಳಿದ. ಯಾರದ್ದೂ ಅಲ್ಲ, ಓದು ಎಂದೆ.

ಇಶಾ ಮುಗಿಸಿ ಮನೆಗೆ ಹೋದರೆ ಮಗಳು ಬಂದಿದ್ದಳು. ನನ್ನ ಸ್ಕೂಟರಿನ ಸದ್ದು ಕೇಳಿಯೂ ಟಿ.ವಿ. ಹಾಗೇ ಓಡುತ್ತಿತ್ತು. ಸಲಾಂ ಹೇಳಿದೆ. ಊಟಕ್ಕೆ ಕೂತಾಗ ಅವಳೇ ಹೇಳಿದಳು, ವಿಜಯನಗರದಲ್ಲಿ ಇಳಿಯದೆ ಗೆಳತಿಯ ಜೊತೆ ಅತ್ತಿಗುಪ್ಪೆಯಲ್ಲಿ ಇಳಿದು ಗೋಬಿ ತಿಂದು ಬಂದೆವು ಎಂದು. ನಾನು ಬಾಯಿ ತೆರೆದೆ. ಹೆಂಡತಿ ನನ್ನ ಕಡೆ ನೋಡಿದಳು.

"ಹೇಗಿತ್ತು?" ಎಂದು ಕೇಳಿದೆ.

"ಖಾರ ಜಾಸ್ತಿ" ಎಂದಳು.